ಮುನಿಯಲ್ಲಮ್ಮನ ಕಾಲುಂಗುರದ ಹರಕೆ

ದೇವರಾಯಸಮುದ್ರದಲ್ಲಿ ಯಾವ ಹೆಂಗಸು ಬಸುರಿ ಎಂಬುದು ಆ ಹೆಂಗಸಿಗಿಂತ ಮೊದಲು ಮುನಿಯಲ್ಲಮ್ಮನಿಗೆ ಗೊತ್ತಾಗುತ್ತಿತ್ತು. ಬಾವಿಯ ಹತ್ತಿರ ಕೊಡ ಎತ್ತುವ ರೀತಿ ನೋಡಿಯೇ ಹೇಳಿಬಿಡುತ್ತಿದ್ದಳು. “ಏನೇ ಹುಡುಗಿ, ಸೊಂಟ ಹಿಡ್ಕೊಂಡು ಏಳ್ತಿದ್ದೀಯಾ? ಹುಣಿಸೆಹಣ್ಣಿನ ಮಡಿಕೆ ಬಚ್ಚಿಡಬೇಡ ಅಂತ ನಿಮ್ಮತ್ತೆಗೆ ಹೇಳು.” ಹುಡುಗಿ ನಾಚಿ ಓಡಿದರೆ ಸುದ್ದಿ ನಿಜ. ಮುನಿಸಿಕೊಂಡರೂ ನಿಜವೇ, ಒಪ್ಪಿಕೊಳ್ಳುವುದು ಸ್ವಲ್ಪ ತಡ, ಅಷ್ಟೇ.

ಬಸುರು ಕಂಡುಹಿಡಿಯುವುದು ಅವಳಿಗೆ ಬರೀ ಆಟ. ನಿಜವಾದ ಆಳ್ವಿಕೆ ಇದ್ದದ್ದು ಬಾಣಂತನದಲ್ಲಿ. ಮಗುವನ್ನು ಈಚೆ ತೆಗೆಯಲು ಊರಲ್ಲಿ ಸೂಲಗಿತ್ತಿ ಇದ್ದಳು. ಈಚೆಗೆ, ಯುದ್ಧ ಶುರುವಾಗಿ ಪೆಟ್ರೋಲು ಸಿಗದಾದ ಮೇಲೆ ಬಂದ ಇದ್ದಿಲಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲದ ದಿನಗಳಲ್ಲಿ, ಮುಳಬಾಗಿಲಿನಿಂದ ನರ್ಸ್ ಭಾರತಮ್ಮನೂ ಬರುತ್ತಿದ್ದಳು. ಆದರೆ ಮಗು ಅತ್ತ ಮೇಲೆ ತಾಯಿ ಮುನಿಯಲ್ಲಮ್ಮನ ಪಾಲು. ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ, ಉಸಿರು ಕಟ್ಟುವಂತೆ ಹೊಟ್ಟೆಗೆ ಹಳೇ ಸೀರೆ, ಮಂಚದ ಕೆಳಗೆ ಕೆಂಡ. ಮೂರು ತಿಂಗಳು ತವರಿನ ಹೊಸ್ತಿಲು ದಾಟುವಂತಿಲ್ಲ. ಊಟಕ್ಕೆ ಹಳೇ ಅಕ್ಕಿಯ ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ. ಬೆಳಗಾದರೆ ಮೈಮೇಲೆ ಹಂಡೆಗಟ್ಟಲೆ ಸುಡುನೀರು. ಬಾಯೊಳಕ್ಕೆ ಮಾತ್ರ ಊಟವಾದ ಮೇಲೆ ಅರ್ಧ ಸೌಟು, ಅದೂ ಕಾಯಿಸಿ ಆರಿಸಿದ್ದು. ಇನ್ನಷ್ಟು ಬೇಡಿದವರಿಗೆ ಅವಳ ಉತ್ತರ ಒಂದೇ: “ಬಾಣಂತಿ ಹೊಟ್ಟೆಗೆ ನೀರು ಬಿದ್ರೆ ಹೊಟ್ಟೆ ಗುಡಾಣ ಆಗ್ತದೆ ಕಣೇ. ಬಾಯಾರಿದ್ರೆ ವೀಳ್ಯದೆಲೆ ಅಗಿ.” ಹಾಗೆ ಎಲೆ ಅಗಿದು ಅಗಿದು ಊರಿನ ಬಾಣಂತಿಯರ ತುಟಿಗಳೆಲ್ಲ ಕೆಂಪಾಗಿರುತ್ತಿದ್ದವು, ನೋಡಿದವರು ಆರೋಗ್ಯ ಎಂದುಕೊಳ್ಳುತ್ತಿದ್ದರು.

ಅವಳ ಗಂಡ ಗಂಗುಲಪ್ಪ ಮಾತಿನಲ್ಲಿ ಬಡವ. ಊರಿನ ದನಕರುಗಳಿಗೆ ಕಾಯಿಲೆಯಾದರೆ ಎಲ್ಲರೂ ಅವನನ್ನೇ ಕರೆಯುತ್ತಿದ್ದರು. ಎಣ್ಣೆಯೋ ಕಷಾಯವೋ ಬಿದಿರಿನ ಗೊಟ್ಟಕ್ಕೆ ತುಂಬಿ, ಎತ್ತಿನ ದವಡೆಯ ಸಂದಿಗೆ ತೂರಿಸಿ, ಒಂದು ಹನಿ ಚೆಲ್ಲದಂತೆ ಕುಡಿಸುವುದರಲ್ಲಿ ಅವನು ಎತ್ತಿದ ಕೈ. ಆ ಹೊತ್ತಿನಲ್ಲಿ ಮಾತ್ರ ಅವನ ಬಾಯಿಂದ ನಾಲ್ಕು ಮಾತು ಹೊರಡುತ್ತಿತ್ತು. “ಹಾ ಹಾ, ಕುಡಿ ನನ್ನಪ್ಪ, ಕುಡಿ. ಬಾಯಿಲ್ಲದ ಜೀವ, ನಾವೇ ತಿಳ್ಕೋಬೇಕು.” ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಮುನಿಯಲ್ಲಮ್ಮನೇ ಆಡುತ್ತಿದ್ದುದರಿಂದ ಸಂಸಾರ ಸುಗಮವಾಗಿತ್ತು.

ಇಂಥ ಮುನಿಯಲ್ಲಮ್ಮನಿಗೆ, ನಲವತ್ತರ ಹತ್ತಿರ ಬಂದಾಗ, ಮುಟ್ಟು ನಿಂತಿತು. ಮುಗೀತು, ಇನ್ನು ನೆಮ್ಮದಿ ಎಂದುಕೊಂಡಳು. ಒಬ್ಬಳೇ ಮಗಳು ಆದಿಲಕ್ಷ್ಮಿ ಹುಟ್ಟಿ ಹದಿನೆಂಟು ವರ್ಷವಾಗಿತ್ತು. ಆಮೇಲೆ ಹೊತ್ತ ಹರಕೆಗಳೆಲ್ಲ ದಂಡವಾಗಿ, ಆ ಆಸೆಯನ್ನೇ ಕೈಬಿಟ್ಟಿದ್ದಳು. ಬೆಳಿಗ್ಗೆ ವಾಕರಿಕೆ ಬಂದಾಗ ಪಿತ್ತ ಎಂದು ಶುಂಠಿ ತಿಂದಳು. ಹೊಟ್ಟೆ ಉಬ್ಬರಿಸಿದಾಗ ವಾಯು ಎಂದು ಓಮದ ಕಷಾಯ ಕುಡಿದಳು. ವಾಯು ಕಷಾಯಕ್ಕೆ ಬಗ್ಗದೆ ತಿಂಗಳಿಂದ ತಿಂಗಳಿಗೆ ಬೆಳೆಯಿತು. ಒಂದು ಮಧ್ಯಾಹ್ನ ರಾಗಿ ಬೀಸುತ್ತ ಕೂತಿದ್ದಾಗ ಆ ವಾಯು ಒಳಗಿನಿಂದ ಒದೆಯಿತು.

ಮುನಿಯಲ್ಲಮ್ಮ ಬೀಸುವ ಕಲ್ಲಿನ ಗೂಟ ಹಿಡಿದುಕೊಂಡೇ ಕೂತುಬಿಟ್ಟಳು. ಇನ್ನೊಂದು ಸಲ ಒದೆಯಿತು. ಮಗುವಿನ ಒದೆತ ಯಾವುದು, ಗಾಳಿಯ ಗುಡುಗುಡು ಯಾವುದು ಎಂದು ಊರಿಗೇ ಪಾಠ ಹೇಳಿದವಳು ಅವಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಕಲಗಚ್ಚಿನ ಬಾನಿಗೆ ಬಿದ್ದಿತ್ತು, ಬಿದ್ದು ಐದು ತಿಂಗಳಾಗಿತ್ತು.

ಗಂಡನಿಗೆ ಹೇಳಿದಳು. “ಹೌದಾ?” ಎಂದ ಗಂಗುಲಪ್ಪ ಎದ್ದು ಹೋಗಿ ಎತ್ತುಗಳಿಗೆ ಹುಲ್ಲು ಹಾಕಿದ. ಹುಲ್ಲು ಆಗಲೇ ಹಾಕಿಯಾಗಿತ್ತು. ವಾಪಸು ಬಂದು ಅವಳ ಮುಖ ನೋಡಿ ಇಷ್ಟಗಲ ನಕ್ಕ.

“ನಗಬೇಡ ಕಣಯ್ಯ! ಮಗಳು ಬಸುರಿ, ತಾಯೀನೂ ಬಸುರಿ ಅಂದ್ರೆ ಊರು ಸುಮ್ನೆ ಇರ್ತದಾ? ಆದಿ ಬಾಣಂತನ ಮುಗಿಯೋ ತನಕ ನೀನು ನಗೋ ಹಂಗಿಲ್ಲ.”

ಗಂಗುಲಪ್ಪ ನಗೆಯನ್ನು ಕೊಟ್ಟಿಗೆಗೆ ತೆಗೆದುಕೊಂಡು ಹೋದ. ಅಂದಿನಿಂದ ಎತ್ತುಗಳ ಮುಂದೆ ನಿಂತು ಒಬ್ಬನೇ ನಗುತ್ತಿದ್ದ.

ಮುನಿಯಲ್ಲಮ್ಮನಿಗೆ ಇದ್ದದ್ದು ನಾಚಿಕೆಯೊಂದೇ ಅಲ್ಲ, ಭಯ. ಆದಿಲಕ್ಷ್ಮಿಗೆ ಏಳು ತುಂಬುತ್ತಿತ್ತು. ಚೊಚ್ಚಿಲ ಹೆರಿಗೆಗೆ ತಾಯಲೂರಿನ ಅತ್ತೆಮನೆಯಿಂದ ಇನ್ನೇನು ತವರಿಗೆ ಬರುವವಳಿದ್ದಳು. ಎರಡು ವರ್ಷದ ಹಿಂದೆ ಪಕ್ಕದ ಮನೆಯ ದೊಡ್ಡಗಂಗಮ್ಮನ ಸೊಸೆ, ಮಗಳು ಇಬ್ಬರೂ ಒಟ್ಟಿಗೆ ಬಸುರಾಗಿದ್ದಾಗ, “ಒಂದು ಹೊಸ್ತಿಲೊಳಗೆ ಎರಡು ಬಸುರು ಕೂಡದು” ಎಂದು ತೀರ್ಪು ಕೊಟ್ಟು, ಹೆರಿಗೆಗೆ ಬಂದಿದ್ದ ಮಗಳನ್ನು ಅತ್ತೆಮನೆಗೆ ವಾಪಸು ಕಳಿಸಿದವಳು ಇದೇ ಮುನಿಯಲ್ಲಮ್ಮ. ದೊಡ್ಡಗಂಗಮ್ಮ ಗಾಡಿಯ ಹಿಂದೆ ಅಳುತ್ತ ಕೆರೆ ಏರಿಯವರೆಗೂ ಹೋಗಿದ್ದಳು. ಅದನ್ನು ದೊಡ್ಡಗಂಗಮ್ಮ ಇನ್ನೂ ಮರೆತಿರಲಿಲ್ಲ. ಈಗ ಸುದ್ದಿ ಹೊರಬಿದ್ದರೆ ಅಂಥದೇ ಗಾಡಿ ತನ್ನ ಬಾಗಿಲಿಗೆ ಬಂದು ನಿಲ್ಲುತ್ತದೆ, ಒಬ್ಬಳೇ ಮಗಳ ಬಾಣಂತನ ಬೀಗಿತ್ತಿಯ ಕೈಗೆ ಹೋಗುತ್ತದೆ. ಊರಿನ ಮಕ್ಕಳನ್ನೆಲ್ಲ ನೋಡಿಕೊಂಡು ತನ್ನ ಮಗಳನ್ನು ನೋಡಿಕೊಳ್ಳಲಾಗದಿದ್ದರೆ ತಾನು ಇದ್ದೂ ದಂಡ ಎಂದು ಅವಳಿಗೆ ಅಳುವೇ ಬಂತು. ಮಗು ಹುಟ್ಟಿ ಪುರುಡು ಕಳೆಯುವವರೆಗೆ ಹೊಟ್ಟೆ ಬಚ್ಚಿಟ್ಟರೆ ಸಾಕು, ಆಮೇಲೆ ಮಗಳನ್ನು ಯಾರೂ ಅಲ್ಲಾಡಿಸಲಾರರು ಎಂದು ಲೆಕ್ಕ ಹಾಕಿದಳು.

ಮೊದಲೇ ದಪ್ಪನೆಯ ಮೈ. ಅದರ ಮೇಲೆ ದಪ್ಪನೆಯ ಸೀರೆ. ಕೈಯಲ್ಲಿ ಸದಾ ಒಂದು ಮೊರ, ಹೊಟ್ಟೆಗೆ ಅಡ್ಡ. ಧಾನ್ಯವಿರಲಿ ಇಲ್ಲದಿರಲಿ, ಮುನಿಯಲ್ಲಮ್ಮ ಮೊರ ಬಿಟ್ಟು ಬಾಗಿಲಿಗೆ ಬರುವುದನ್ನೇ ನಿಲ್ಲಿಸಿದಳು.

ಆದಿಲಕ್ಷ್ಮಿಯನ್ನು ಬಿಟ್ಟುಹೋಗಲು ಅತ್ತೆ ಗಂಗರತ್ನಮ್ಮನೇ ಬಂದಳು. ಉದ್ದನೆಯ ಹೆಂಗಸು, ಉದ್ದನೆಯ ನಾಲಿಗೆ. ತಾಯಲೂರಿನಲ್ಲಿ ಮುನಿಯಲ್ಲಮ್ಮನ ಹೆಸರು ಕೇಳಿ ಕೇಳಿ ಅವಳಿಗೆ ಒಳಗೊಳಗೇ ಉರಿ. ಬೀಗಿತ್ತಿಯರಿಬ್ಬರೂ ಒಬ್ಬರನ್ನೊಬ್ಬರು ‘ವದಿನಾ’, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದರು, ಆ ಕಡೆಯ ತೆಲುಗಿನ ವಾಡಿಕೆಯಂತೆ, ಬಾಯಿ ತುಂಬ.

“ಮೈ ಬಂದಿದೆಯಲ್ಲಾ ವದಿನಾ,” ಎಂದಳು ಗಂಗರತ್ನಮ್ಮ, ಮೊರದ ಕಡೆ ನೋಡುತ್ತ.

“ಮಗಳು ಬರ್ತಾಳಲ್ಲಾ ವದಿನಾ, ಆ ಖುಷಿಗೆ.”

“ನನಗೂ ಖುಷೀನೇ. ಆದ್ರೂ ಹಿಂಗೆ ಬಂದಿಲ್ಲ,” ಎಂದು ಗಂಗರತ್ನಮ್ಮ ಮುದ್ದೆ ಉಂಡು ಗಾಡಿ ಹತ್ತಿದಳು.

ಸೀರೆ ಹೊಟ್ಟೆಯನ್ನು ಮುಚ್ಚಿತು. ಕಾಲನ್ನು ಏನು ಮುಚ್ಚಬೇಕು? ದಿನವೆಲ್ಲ ನಿಂತು ಬಸುರಿ ಮಗಳಿಗೆ ಮಾಡಿ ಹಾಕಿ, ಬೀಸಿ, ಕುಟ್ಟಿ, ಮುನಿಯಲ್ಲಮ್ಮನ ಪಾದಗಳು ಊದಿಕೊಂಡವು. ಕಾಲುಂಗುರಗಳು ಬೆರಳ ಮಾಂಸದೊಳಕ್ಕೆ ಇಳಿದವು. ಅವು ಅಜ್ಜಿಯ ಕಾಲದವು, ಎರಕದ ಗಟ್ಟಿ ಬೆಳ್ಳಿ, ಅಗಲಿಸಲು ಬರುವಂಥವಲ್ಲ. ಒಂದು ಬೆಳಿಗ್ಗೆ ನೋವು ತಡೆಯಲಾಗದೆ ಹಿತ್ತಲಲ್ಲಿ ಕೂತು, ಹರಳೆಣ್ಣೆ ಹಚ್ಚಿ, ಹಲ್ಲು ಕಚ್ಚಿ ಎರಡನ್ನೂ ಎಳೆದು ತೆಗೆದಳು. ಉಸ್ಸೆಂದು ತಲೆ ಎತ್ತಿದರೆ ಬೇಲಿಯಾಚೆ ದೊಡ್ಡಗಂಗಮ್ಮ ನಿಂತಿದ್ದಾಳೆ.

“ಅಯ್ಯೋ ರಾಮಾ! ಗಂಡ ಗುಂಡುಕಲ್ಲಿನಂಗೆ ಇದ್ದಾನೆ, ಕಾಲುಂಗುರ ತೆಗೀತಾ ಇದ್ದೀಯಲ್ಲೇ ಮುನಿಯಲ್ಲೀ!”

ಸುಳ್ಳು ಹೇಳಲು ಮುನಿಯಲ್ಲಮ್ಮನಿಗೆ ಅಭ್ಯಾಸವಿರಲಿಲ್ಲ. ಅದಕ್ಕೇ ದೊಡ್ಡದನ್ನೇ ಹೇಳಿಬಿಟ್ಟಳು. “ಹರಕೆ ಕಣೇ. ಆದಿಗೆ ಸುಖವಾಗಿ ಹೆರಿಗೆ ಆಗೋ ತನಕ ಕಾಲುಂಗುರ ಏರಿ ಗಂಗಮ್ಮನ ಪಾದದಾಗೆ ಇಡ್ತೀನಿ ಅಂತ. ಪುರುಡಿನ ದಿನ ಎಲ್ಲರ ಮುಂದೆ ಹಾಕ್ಕೊಳ್ತೀನಿ.”

“ಇಂಥ ಹರಕೆ ಎಲ್ಲೂ ಕೇಳಿಲ್ವಲ್ಲಾ?”

“ಕೇಳಿರೋ ಹರಕೆ ಎಲ್ಲಾರೂ ಹೊರ್ತಾರೆ,” ಎಂದಳು ಮುನಿಯಲ್ಲಮ್ಮ.

ಹೇಳಿದ ಮೇಲೆ ಮಾಡಬೇಕಾಯಿತು. ಕಾಲುಂಗುರಗಳನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ಏರಿಯ ಮೇಲಿನ ಗಂಗಮ್ಮನ ಗುಡಿಯಲ್ಲಿಟ್ಟು, ಬೆರಳಿಗೆ ಅರಿಶಿನದ ದಾರ ಸುತ್ತಿಕೊಂಡಳು. ಊರು ಮೊದಲು ಬೆರಗಾಯಿತು, ಆಮೇಲೆ ಕೈಮುಗಿಯಿತು. ಮಗಳಿಗಾಗಿ ಕಾಲುಂಗುರವನ್ನೇ ಬಿಟ್ಟವಳು ಎಂದು ಸುದ್ದಿ ಸಂತೆಯ ದಾರಿ ಹಿಡಿದು ತಾಯಲೂರು ಮುಟ್ಟಿತು. ಗಂಗರತ್ನಮ್ಮನಿಗೆ ನಿದ್ದೆ ಬರಲಿಲ್ಲ. ಹುಟ್ಟುವುದು ತನ್ನ ವಂಶದ ಕೂಸು, ಹೆಸರು ಮಾತ್ರ ಬೀಗಿತ್ತಿಗೆ! ಮಾರನೆಯ ದಿನವೇ ಬಸ್ಸು ಹತ್ತಿ ಬಂದು, ತನ್ನ ಕಾಲುಂಗುರಗಳನ್ನೂ ತೆಗೆದು ಗಂಗಮ್ಮನ ಪಾದದಲ್ಲಿ ಇಟ್ಟಳು. ಅವು ಮುನಿಯಲ್ಲಮ್ಮನವಕ್ಕಿಂತ ತೂಕ ಹೆಚ್ಚು ಎಂದು ಪೂಜಾರಿಗೆ ಹೇಳುವುದನ್ನು ಮರೆಯಲಿಲ್ಲ. ಆಮೇಲೆ ಊರಿನ ಇನ್ನಿಬ್ಬರು ಬಸುರಿಯರ ತಾಯಂದಿರು ತಾವೂ ತಂದು ಇಟ್ಟರು. ಬರಿಗಾಲಿನ ಮುತ್ತೈದೆಯರನ್ನು ನೋಡಿ ಗಂಡಂದಿರಿಗೆ ಅಳುಕು ಶುರುವಾಯಿತು. ಗಂಗಮ್ಮನಿಗೂ ಇದೆಲ್ಲ ಎಲ್ಲಿಯ ಕಾಟವೋ ಅನಿಸಿರಬೇಕು.

ಆದಿಲಕ್ಷ್ಮಿಗೆ ಹೆಣ್ಣುಮಗು ಆಯಿತು. ಅಂದು ಬಸ್ಸು ಕೆಡಲಿಲ್ಲ. ನರ್ಸ್ ಭಾರತಮ್ಮ ಇದ್ದಿಲ ಮಸಿ ಮೆತ್ತಿದ ಬಿಳಿ ಸೀರೆಯಲ್ಲಿ ಬಂದು, ಕೈ ತೊಳೆದು, ಎಲ್ಲವನ್ನೂ ಸುಸೂತ್ರ ಮಾಡಿದಳು. ಹೊರಡುವಾಗ, “ಮುನಿಯಲ್ಲಮ್ಮನವರೇ, ಬಾಣಂತಿಗೆ ಬೇಕಾದಷ್ಟು ನೀರು ಕೊಡಿ, ಹಾಲು ಚೆನ್ನಾಗಿ ಬರುತ್ತೆ,” ಎಂದಳು.

“ಆಗಲಿ ನರ್ಸಮ್ಮ,” ಎಂದು ಮುನಿಯಲ್ಲಮ್ಮ ತಲೆ ಆಡಿಸಿದಳು. ಬಸ್ಸಿನ ಹೊಗೆ ಮರೆಯಾಗುವವರೆಗೆ ಆಡಿಸುತ್ತಲೇ ಇದ್ದಳು. ಆಮೇಲೆ ಒಳಗೆ ಬಂದು ಸೌಟು ತೆಗೆದಳು.

“ಅಮ್ಮಾ, ಒಂದು ಚೊಂಬು ನೀರು ಕೊಡಮ್ಮ. ನಾಲಿಗೆ ಒಣಗೋಯ್ತದೆ,” ಎಂದಳು ಆದಿಲಕ್ಷ್ಮಿ.

“ಎಲೆ ಅಗಿ.”

“ಅರ್ಧ ಚೊಂಬು.”

“ನೋಡು ಆದೀ, ಊರಿನ ಮಕ್ಕಳಿಗೆ ಒಂದು ನ್ಯಾಯ, ನನ್ನ ಮಗಳಿಗೆ ಒಂದು ನ್ಯಾಯ ಮಾಡಿದ್ರೆ ನನ್ನ ಮಾತು ಯಾರು ಕೇಳ್ತಾರೆ?”

ಹುಡುಗಿ ಎರಡು ದಿನ ಬೇಡಿದಳು, ಅತ್ತಳು. ಮುನಿಯಲ್ಲಮ್ಮನ ಕರುಳು ಚುರ್ ಎಂದಿತು. ಆದರೂ ಬಿಡಲಿಲ್ಲ. ನೀರು ಕೊಟ್ಟರೆ ಮಗಳಿಗೆ ಕೆಟ್ಟದಾಗುತ್ತದೆಂದು ಅವಳು ನಿಜವಾಗಿಯೂ ನಂಬಿದ್ದಳು. ಆಮೇಲೆ ಇದ್ದಕ್ಕಿದ್ದಂತೆ ಹುಡುಗಿ ಕೇಳುವುದನ್ನೇ ಬಿಟ್ಟಳು. ಕೆನ್ನೆ ತುಂಬಿಕೊಂಡಿತು, ಹಾಲು ಧಾರಾಳವಾಯಿತು. ಮುನಿಯಲ್ಲಮ್ಮ ನೋಡಬಂದವರಿಗೆಲ್ಲ ಮಗಳ ಕೆನ್ನೆ ಹಿಂಡಿ ತೋರಿಸಿದಳು. “ನೋಡ್ರಮ್ಮಾ, ಸೌಟಿನ ನೀರು ಬಿಟ್ರೆ ಒಂದು ತೊಟ್ಟು ಮುಟ್ಟಿಲ್ಲ. ಹೆಂಗೆ ಮಿಂಚ್ತಾ ಇದ್ದಾಳೆ!”

ಒಂದೇ ಒಂದು ಕಿರಿಕಿರಿ. ಬಾಣಂತಿ ಕೋಣೆಯ ಹಿಂದಿನ ಗೋಡೆಯಲ್ಲಿ, ಕೊಟ್ಟಿಗೆಯ ಕಡೆಗೆ, ಒಂದು ಬೆಳಕಿಂಡಿ ಇತ್ತು. ಗಾಳಿ ಬರಬಾರದೆಂದು ಅವಳು ಅದಕ್ಕೆ ಹಳೇ ಬಟ್ಟೆ ತುರುಕಿದ್ದಳು. ದಿನಾ ನೋಡಿದರೆ ಬಟ್ಟೆ ಕೆಳಗೆ ಬಿದ್ದಿರುತ್ತಿತ್ತು.

“ಯಾವುದೇ ಇದು ಬಟ್ಟೆ ಕೆಡವೋದು?”

“ಬೆಕ್ಕಮ್ಮ,” ಎನ್ನುತ್ತಿದ್ದಳು ಆದಿಲಕ್ಷ್ಮಿ.

ಮುನಿಯಲ್ಲಮ್ಮ ಬೆಕ್ಕನ್ನು ಬೈದು ಮತ್ತೆ ತುರುಕುತ್ತಿದ್ದಳು. ಗಂಗುಲಪ್ಪನ ಗೊಟ್ಟ ಕೊಟ್ಟಿಗೆಯ ಗೂಟದಲ್ಲಿ ಇರದೆ, ತೊಳೆದು, ಗೋಡೆಯ ಮೇಲೆ ಬಿಸಿಲಿಗೆ ಒಣಗುತ್ತಿದ್ದುದನ್ನೂ ಕಂಡಳು. ಯಾರದೋ ಎತ್ತಿಗೆ ಕಾಯಿಲೆ ಇರಬೇಕೆಂದು ಸುಮ್ಮನಾದಳು.

ಪುರುಡಿನ ದಿನ ಬಂತು. ಗಂಗರತ್ನಮ್ಮ ಹಿಂದಿನ ದಿನವೇ ಬಂದಿದ್ದಳು. ಮಗುವಿನ ಹೊಕ್ಕುಳು ನೋಡಲು ಭಾರತಮ್ಮನೂ ಬಂದು ಜಗುಲಿಯಲ್ಲಿ ಕೂತಿದ್ದಳು. ಪೂಜಾರಿ ಗಂಗಮ್ಮನ ಪಾದದಿಂದ ಅರಿಶಿನದ ಗಂಟುಗಳನ್ನು ತಂದ. ನೋಡಲು ಕೇರಿಯ ಹೆಂಗಸರೆಲ್ಲ ನಡುಮನೆಯಲ್ಲಿ ಸೇರಿದ್ದರು. ಮುನಿಯಲ್ಲಮ್ಮ ಮೂಲೆಯಲ್ಲಿ ಮೊರ ಹಿಡಿದು ನಿಂತಿದ್ದಳು. ಒಳಗೆ ಹೋಗಿ ತಾನೇ ಹಾಕಿಕೊಂಡಂತೆ ಮಾಡಿ, ಮತ್ತೆ ದಾರ ಸುತ್ತಿ, ಸೀರೆ ಇಳಿಬಿಟ್ಟು ನಡೆದರಾಯಿತು ಎಂದು ಯೋಚಿಸಿಕೊಂಡಿದ್ದಳು. ಗಂಗರತ್ನಮ್ಮ ಬಿಡಬೇಕಲ್ಲ.

ಗಂಗರತ್ನಮ್ಮ ತನ್ನವನ್ನು ಸಲೀಸಾಗಿ ಹಾಕಿಕೊಂಡಳು. ಆಮೇಲೆ ಮಣೆ ಎಳೆದಳು. “ಬಾ ವದಿನಾ. ಇಂಥ ಹರಕೆ ಹೊತ್ತ ತಾಯಿ ಕಾಲು ನಾನೇ ತೊಳೀಬೇಕು. ನನ್ನ ಕೈಯಾರೆ ಹಾಕ್ತೀನಿ.”

“ಬೇಡ ವದಿನಾ, ನೀನು ಬೀಗರ ಕಡೆಯೋಳು—”

“ಬೀಗಿತ್ತೀನೇ ಮಾಡ್ಬೇಕಾದ ಮರ್ಯಾದೆ ಇದು. ಕೂತ್ಕೋ.”

ಹತ್ತು ಕೈಗಳು ಅವಳನ್ನು ಮಣೆಯ ಮೇಲೆ ಕೂರಿಸಿದವು. ಮೊರ ಯಾರ ಕೈಗೋ ಹೋಯಿತು. ಗಂಗರತ್ನಮ್ಮ ಕಾಲು ತೊಳೆದಳು, ಅರಿಶಿನ ಹಚ್ಚಿದಳು, ಉಂಗುರವನ್ನು ಬೆರಳ ತುದಿಗೆ ಇಟ್ಟು ಒತ್ತಿದಳು. ಉಂಗುರ ಉಗುರು ದಾಟಿ ನಿಂತಿತು. ಇನ್ನೊಮ್ಮೆ ಒತ್ತಿದಳು. ಹರಳೆಣ್ಣೆ ತರಿಸಿದಳು. ಸೀಗೆಪುಡಿಯ ನೊರೆ ತರಿಸಿದಳು. ದೊಡ್ಡಗಂಗಮ್ಮ ಬಂದು ಹಿಮ್ಮಡಿ ಹಿಡಿದಳು, ಗಂಗರತ್ನಮ್ಮ ಬೆರಳು ಎಳೆದಳು. ಲಾಳ ಹೊಡೆಯುವಾಗ ಎತ್ತನ್ನು ಹಿಡಿದಂತಿತ್ತು. ಮುನಿಯಲ್ಲಮ್ಮ ಅಯ್ಯಯ್ಯೋ ಎಂದು ಹಿಂದಕ್ಕೆ ವಾಲಿದಳು. ವಾಲಿದ್ದೇ ಸೆರಗು ಸರಿಯಿತು. ನಡುಮನೆಯ ಬೆಳಕಿನಲ್ಲಿ ಹೊಟ್ಟೆ ಇದ್ದಹಾಗೆ ಕಾಣಿಸಿತು.

ಜಗುಲಿಯಿಂದ ಒಳಗೆ ಬಂದ ಭಾರತಮ್ಮ ಮಣೆಯ ಮುಂದೆ ಕೂತು, ಮುನಿಯಲ್ಲಮ್ಮನ ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ತೆಗೆದಳು. ಬಿಸಿ ಮುದ್ದೆಗೆ ಬೆರಳು ಒತ್ತಿದಂತೆ ಗುಳಿ ಹಾಗೇ ಉಳಿಯಿತು.

“ಎಷ್ಟು ತಿಂಗಳು?” ಎಂದಳು.

“ವಾಯು ಅಂದ್ಕೊಂಡಿದ್ದೆ,” ಎಂದಳು ಮುನಿಯಲ್ಲಮ್ಮ ಸಣ್ಣ ದನಿಯಲ್ಲಿ. “ಏಳು ದಾಟಿದೆ.”

ದೊಡ್ಡಗಂಗಮ್ಮ ಹಿಡಿದಿದ್ದ ಹಿಮ್ಮಡಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು. ಎರಡು ವರ್ಷದಿಂದ ಕಾದಿಟ್ಟ ಮಾತು ಬಾಯಿಗೆ ಬಂತು. “ಒಂದು ಹೊಸ್ತಿಲೊಳಗೆ ಎರಡು ಬಸುರು ಕೂಡದು ಅಂತ ಅವತ್ತು ಯಾರೋ ಅಂದಿದ್ರು. ಯಾರೇ ಅದು ಮುನಿಯಲ್ಲೀ?”

ಮುನಿಯಲ್ಲಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಗಂಗರತ್ನಮ್ಮ ಎದ್ದು ನಿಂತಳು. “ಅಂದ್ರೆ ಗಂಗಮ್ಮನ ಪಾದದಾಗೆ ಇಟ್ಟಿದ್ದು ಹರಕೆ ಅಲ್ಲ, ಊತ! ಇದಕ್ಕಾಗಿ ನಾನು ತಾಯಲೂರು ಬೀದೀಲಿ ಬೋಳುಗಾಲಲ್ಲಿ ತಿರುಗಿದ್ನಾ? ಗಾಡಿ ಕಟ್ಟಿಸ್ತೀನಿ. ನನ್ನ ಸೊಸೆ, ಮೊಮ್ಮಗಳು ಇವತ್ತೇ ನನ್ನ ಜೊತೆ ಬರ್ತಾರೆ.”

“ಗಾಡಿ ಆಮೇಲೆ,” ಎಂದಳು ಭಾರತಮ್ಮ. ಅವಳು ಮುನಿಯಲ್ಲಮ್ಮನ ಕಣ್ಣಿನ ಕೆಳಗೆ, ಬೆರಳುಗಳ ಗೆಣ್ಣಿನಲ್ಲಿ ಒತ್ತಿ ನೋಡುತ್ತಿದ್ದಳು. “ಮುಖ, ಕೈ ಎಲ್ಲಾ ಊದಿದೆ. ತಲೆ ನೋಯುತ್ತಾ? ಕಣ್ಣು ಮಂಜಾಗುತ್ತಾ?”

“ತಲೆ ಆಗಾಗ ನೋಯ್ತದೆ. ಎಲ್ಲರ ಮುಂದೆ ಕೇಳಬೇಡಿ ನರ್ಸಮ್ಮ, ನಾಚಿಕೆ ಆಗ್ತದೆ.”

“ನಾಚಿಕೆ ಆಮೇಲೆ ಪಟ್ಕೊಳಿ. ಈಗ ಹೆದರ್ಕೊಳಿ. ಹಿಂಗೇ ಬೀಸ್ಕೊಂಡು ಕುಟ್ಕೊಂಡು ಇದ್ರೆ ಒಂದಿನ ಬಿದ್ದು ಫಿಟ್ಸ್ ಬರುತ್ತೆ. ತಾಯೀನೂ ಇಲ್ಲ, ಮಗೂನೂ ಇಲ್ಲ. ಉಪ್ಪು ಬಿಡ್ಬೇಕು, ಮಲಗೇ ಇರ್ಬೇಕು, ವಾರ ವಾರ ನಾನು ಬಂದು ನೋಡ್ತೀನಿ. ಹೆಚ್ಚಾದ್ರೆ ಆಸ್ಪತ್ರೆಗೆ ಬರ್ಬೇಕು. ಮನೇಲಿ ನೋಡ್ಕೊಳ್ಳೋರು ಯಾರಿದ್ದಾರೆ?”

ಯಾರೂ ಇರಲಿಲ್ಲ. ಊರಿಗೆಲ್ಲ ಬಾಣಂತನ ಮಾಡಿದವಳಿಗೆ ಮಾಡಲು ಒಬ್ಬರೂ ಇಲ್ಲವೆಂಬುದು ಆ ಗಳಿಗೆಯಲ್ಲಿ ಅವಳಿಗೇ ಮೊದಲ ಸಲ ಹೊಳೆಯಿತು. ಅವಳ ಕಣ್ಣಲ್ಲಿ ನೀರು ಬಂತು.

ಆಗ ಕೋಣೆಯ ಬಾಗಿಲಲ್ಲಿ ಆದಿಲಕ್ಷ್ಮಿ ಕಾಣಿಸಿಕೊಂಡಳು, ತಲೆಗೆ ಬಟ್ಟೆ, ತೋಳಲ್ಲಿ ಮಗು.

“ನಾನು ಗಾಡಿ ಹತ್ತಲ್ಲ ಅತ್ತೇ. ಬಾಣಂತಿ ಮೂರು ತಿಂಗಳು ತವರು ಮನೆ ಹೊಸ್ತಿಲು ದಾಟಬಾರದು ಅಂತ ನಮ್ಮಮ್ಮನೇ ಕಾನೂನು ಮಾಡಿರೋದು. ಬೇಕಾದ್ರೆ ಊರನ್ನೆಲ್ಲಾ ಕೇಳಿ.”

ಹೆಂಗಸರೆಲ್ಲ ಹೌದೌದು ಎಂದರು. ಆ ಕಾನೂನಿನಲ್ಲಿ ಅವರೆಲ್ಲ ಬೆಂದಿದ್ದವರೇ. ಗಂಗರತ್ನಮ್ಮ ಸೊಸೆಯನ್ನು ನೋಡಿದಳು, ಮಣೆಯ ಮೇಲಿನ ಊದಿದ ಕಾಲನ್ನು ನೋಡಿದಳು. ಅವಳೂ ಹೆತ್ತವಳೇ. ಅದಕ್ಕಿಂತ ಹೆಚ್ಚಾಗಿ, ಮುನಿಯಲ್ಲಮ್ಮನ ಬಾಣಂತನ ಮಾಡಿದವಳು ಎಂಬ ಹೆಸರು ಎಷ್ಟು ದೂರ ಹೋಗಬಹುದೆಂದು ಅವಳಿಗೆ ಹೊಳೆದಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಹಂಗಾದ್ರೆ ನಾನೂ ಹೋಗಲ್ಲ. ಇಬ್ಬರನ್ನೂ ನಾನೇ ನೋಡ್ಕೊಳ್ತೀನಿ. ದೊಡ್ಡಗಂಗಮ್ಮ, ಒರಳಲ್ಲಿರೋ ರಾಗಿ ನೀನು ಕುಟ್ಟು.”

ದೊಡ್ಡಗಂಗಮ್ಮ ಕುಟ್ಟಿದಳು. ಒನಕೆಯ ಪ್ರತಿ ಪೆಟ್ಟಿಗೂ ಒಂದು ಮಾತು ಹೇಳುತ್ತಲೇ ಕುಟ್ಟಿದಳು, ಆದರೆ ಮಾರನೆಯ ದಿನ ಯಾರೂ ಕರೆಯದೆ ಮತ್ತೆ ಬಂದಳು.

ಮುನಿಯಲ್ಲಮ್ಮ ಮಲಗಿದಳು. ಕೆಲಸ ಮಾಡುವುದಕ್ಕಿಂತ ಮಲಗುವುದೇ ಅವಳಿಗೆ ಹೆಚ್ಚು ಕಷ್ಟವಾಯಿತು. ಉಪ್ಪಿಲ್ಲದ ಸಾರು ಉಂಡು, ಮಲಗಿದಲ್ಲಿಂದಲೇ ಎಲ್ಲರ ಕೆಲಸದಲ್ಲಿ ತಪ್ಪು ಹುಡುಕಿ, ವಾರ ವಾರ ಭಾರತಮ್ಮನಿಂದ ಬೈಸಿಕೊಂಡು ದಿನ ತಳ್ಳಿದಳು. ಊತ ಹೆಚ್ಚಲಿಲ್ಲ. ಕೊನೆಗೆ ಅದೇ ಕೋಣೆಯಲ್ಲಿ, ಭಾರತಮ್ಮನ ಕೈಯಲ್ಲೇ, ಗಂಡುಮಗು ಆಯಿತು. ಅಕ್ಕನ ಮಗಳಿಗಿಂತ ಚಿಕ್ಕ ಸೋದರಮಾವ. ಗಂಗುಲಪ್ಪ ಈಗ ಬೀದಿಯಲ್ಲೇ ನಿಂತು ನಕ್ಕ.

ಭಾರತಮ್ಮ ಹೊರಡುವಾಗ ಗಂಗರತ್ನಮ್ಮನಿಗೆ ಹೇಳಿದಳು. “ಇವರಿಗೆ ಬೇಕಾದಷ್ಟು ನೀರು ಕೊಡಿ.”

“ಆಗಲಿ ನರ್ಸಮ್ಮ,” ಎಂದು ಗಂಗರತ್ನಮ್ಮ ತಲೆ ಆಡಿಸಿದಳು. ಆ ತಲೆಯಾಡಿಸುವಿಕೆ ಮುನಿಯಲ್ಲಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಮಲಗಿದಲ್ಲೇ ಅವಳ ಗಂಟಲು ಒಣಗಿತು.

ಗಂಗರತ್ನಮ್ಮ ಸೇಡಿಗೆ ಮಾಡಿದಳೆಂದರೆ ತಪ್ಪಾದೀತು. ಪಾಪ, ಭಕ್ತಿಯಿಂದಲೇ ಮಾಡಿದಳು. ಮುನಿಯಲ್ಲಮ್ಮನ ಪದ್ಧತಿಯನ್ನು ಮುನಿಯಲ್ಲಮ್ಮನಿಗೇ ಒಂದು ಕೂದಲೆಳೆಯಷ್ಟೂ ತಪ್ಪದಂತೆ ನಡೆಸಿದಳು. ಕಿವಿಗೆ ಬಟ್ಟೆ, ಹೊಟ್ಟೆಗೆ ಸೀರೆ, ಮಂಚದ ಕೆಳಗೆ ಕೆಂಡ, ಅರ್ಧ ಸೌಟು ನೀರು.

“ವದಿನಾ, ಇವತ್ತು ಬಿಸಿಲು ಜಾಸ್ತಿ ಅಲ್ವಾ?” ಎಂದಳು ಮುನಿಯಲ್ಲಮ್ಮ ಎರಡನೆಯ ದಿನ.

“ಜಾಸ್ತೀನೇ ವದಿನಾ. ನಾನು ಈಗ್ಲೇ ಎರಡು ಚೊಂಬು ಕುಡಿದೆ. ತಗೋ, ಎಲೆ ಅಗಿ.”

ನೀರು ಕೊಡು ಎನ್ನಲು ಬಾಯಿ ಬರಲಿಲ್ಲ. ಊರಿನ ಅರ್ಧ ಹೆಂಗಸರು ನೋಡಲು ಬಂದು, ಯಾವಾಗ ಕೇಳುತ್ತಾಳೋ ಎಂದು ಅವಳ ಬಾಯನ್ನೇ ನೋಡುತ್ತ ಕೂತಿರುತ್ತಿದ್ದರು. ಎಲೆ ಅಗಿದಳು. ಬೆಳಿಗ್ಗೆ ತಲೆಯ ಮೇಲೆ ಹಂಡೆ ನೀರು ಸುರಿಯುವಾಗ ಮೂಗಿನ ತುದಿಯಿಂದ ಇಳಿದ ಹನಿಗಳನ್ನು ನಾಲಿಗೆ ಚಾಚಿ ನೆಕ್ಕಿದಳು. ಸೀಗೆಪುಡಿಯ ಕಹಿ. ಅದೂ ಸಿಹಿಯೆನಿಸಿತು.

ಮೂರನೆಯ ದಿನ ಮಧ್ಯಾಹ್ನ ಗಂಗರತ್ನಮ್ಮ ನಡುಮನೆಯಲ್ಲಿ ಎರಡೂ ಮಕ್ಕಳನ್ನು ಮಲಗಿಸುತ್ತಿದ್ದಳು. ಆದಿಲಕ್ಷ್ಮಿ ತಾಯಿಯ ಕಾಲ ಬಳಿ ಕೂತು, ಊತ ಇಳಿದ ಬೆರಳುಗಳಿಗೆ ಕಾಲುಂಗುರ ತೊಡಿಸಿದಳು. ಅವು ತಕರಾರಿಲ್ಲದೆ ಕೂತವು. ಮುನಿಯಲ್ಲಮ್ಮನಿಗೆ ಅದರ ಕಡೆ ಗಮನವೇ ಇಲ್ಲ. ನಾಲಿಗೆ ಅಂಗುಳಕ್ಕೆ ಅಂಟಿತ್ತು.

“ಆದೀ,” ಎಂದಳು. “ನಿನಗೂ ಹಿಂಗೇ ಆಗಿತ್ತಾ?”

ಮಗಳು ತಲೆ ತಗ್ಗಿಸಿದಳು. “ಎರಡು ದಿನ ಆಗಿತ್ತಮ್ಮ.”

ಮುನಿಯಲ್ಲಮ್ಮನಿಗೆ ದುಃಖ ಒತ್ತರಿಸಿ ಬಂತು. ಈ ಹಿಂಸೆಯನ್ನು ಹೆತ್ತ ಮಗಳಿಗೆ ಕೊಟ್ಟೆನಲ್ಲ, ಅವಳು ಕೈಮುಗಿದು ಬೇಡಿದರೂ ಕೊಟ್ಟೆನಲ್ಲ ಎಂದು ಅವಳ ಕೈ ಹಿಡಿದುಕೊಂಡಳು. ಹಿಡಿದುಕೊಂಡ ಮೇಲೆ ಏನೋ ತಟ್ಟಿತು.

“ಎರಡೇ ದಿನಾನಾ? ಆಮೇಲೆ?”

ಆದಿಲಕ್ಷ್ಮಿ ಗೋಡೆಯ ಕಡೆ ನೋಡಿದಳು. ಬೆಳಕಿಂಡಿಯ ಬಟ್ಟೆ ಅಲುಗಾಡಿತು. ಒಳಕ್ಕೆ ಬಿತ್ತು. ಅದರ ಹಿಂದೆಯೇ ಬಿದಿರಿನ ಗೊಟ್ಟದ ಮೂತಿ ಮೆಲ್ಲಗೆ ಕೋಣೆಯೊಳಕ್ಕೆ ಚಾಚಿ ಬಂದು, ಸರಿಯಾಗಿ ಮಂಚದ ತಲೆಯ ಮೇಲೆ ನಿಂತಿತು.

“ಹಾ ಹಾ,” ಎಂದಿತು ಗೋಡೆಯಾಚೆಯ ಪಿಸುದನಿ. “ಕುಡಿ ನನ್ನಮ್ಮ, ಕುಡಿ.”

ಮುನಿಯಲ್ಲಮ್ಮ ಗೊಟ್ಟವನ್ನು ನೋಡಿದಳು. ಊರಿಗೆಲ್ಲ ಹಿಂಡಿ ತೋರಿಸಿದ್ದ ಮಗಳ ದುಂಡು ಕೆನ್ನೆಯನ್ನು ನೋಡಿದಳು. ಸಿಟ್ಟು ಬಾಯಿಯವರೆಗೆ ಬಂತು. ಆದರೆ ಬಾಯಿಗೆ ಬೇರೆ ಕೆಲಸವಿತ್ತು. ಎದ್ದು ಕೂತು, ಗೊಟ್ಟದ ಮೂತಿಗೆ ಬಾಯಿ ಕೊಟ್ಟಳು. ಬಾವಿಯ ತಣ್ಣನೆಯ ನೀರು ಒಂದು ಹನಿ ಚೆಲ್ಲದಂತೆ ಒಳಕ್ಕೆ ಇಳಿಯಿತು. ಕಣ್ಣೀರೂ ಇಳಿಯಿತು. ಕೊನೆಯ ಗುಟುಕು ಗಂಟಲಿಗೆ ಹತ್ತಿ ಜೋರಾಗಿ ಕೆಮ್ಮಿದಳು.

“ಏನದು ಸದ್ದು?” ಎಂದಳು ನಡುಮನೆಯಿಂದ ಗಂಗರತ್ನಮ್ಮ.

“ಬೆಕ್ಕು ವದಿನಾ,” ಎಂದು ಮುನಿಯಲ್ಲಮ್ಮ ಬಾಯಿ ಒರೆಸಿಕೊಂಡು, ಬೆಳಕಿಂಡಿಗೆ ಮುಖ ಹತ್ತಿರ ತಂದು ಪಿಸುಗುಟ್ಟಿದಳು. “ಏನಯ್ಯಾ, ಇನ್ನೊಂದು ಗೊಟ್ಟ ಹಾಕು.”